ಎಷ್ಟು ದೂರ ಕಾಣುತ್ತದೆ?

ಬಿಳಿಗಿರಿರಂಗನ ಬೆಟ್ಟದಿಂದ ಕಾಡುಪ್ರಾಣಿ ಗಣತಿ ಮುಗಿಸಿ ಬಂದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ. ಹುಲಿ ಸಿಕ್ತಾ? ಇಲ್ಲ, ಸಿಗಲಿಲ್ಲ. ಸ್ವಯಂಸೇವಕನಾಗಿ ಮೂರು ಸಲ ಹೋಗಿದ್ದೇನೆ. ಹೆಜ್ಜೆ ನೋಡಿದ್ದೇನೆ, ಮರದ ತೊಗಟೆ ಮೇಲೆ ಉಗುರಿನ ಗೀರು ನೋಡಿದ್ದೇನೆ, ಒಂದು ರಾತ್ರಿ ಕ್ಯಾಂಪಿನ ಹಿಂದಿನ ಹಳ್ಳದಾಚೆ ಕಡವೆಯೊಂದು ಹತ್ತು ನಿಮಿಷ ಬಿಡದೆ ಕೂಗಿದ್ದನ್ನು ಕೇಳಿಸಿಕೊಂಡು ಎದ್ದು ಕೂತಿದ್ದೇನೆ. ಹುಲಿಯನ್ನು ಮಾತ್ರ ನೋಡಿಲ್ಲ. ಹಾಗಂದ ಕೂಡಲೇ ಕೇಳಿದವರ ಆಸಕ್ತಿ ಇಳಿದುಬಿಡುತ್ತದೆ, ಮಾತು ಬೇರೆ ಕಡೆ ತಿರುಗುತ್ತದೆ. ಆಗ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನೋಡದವರಿಗೆ ಜಾಗದ ಬಗ್ಗೆ ಒಂದೆರಡು ಮಾತು. ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆ ಹಾಗೆ ಚಾಚಿಕೊಂಡಿದೆ. ತಪ್ಪಲಿನ ಎತ್ತರ ಸುಮಾರು 600 ಮೀಟರ್. ಕತ್ತರಿ ಬೆಟ್ಟದ ನೆತ್ತಿ 1,800 ಮೀಟರ್ ದಾಟುತ್ತದೆ. ಅಷ್ಟರ ನಡುವೆ ಮುಳ್ಳು ಕುರುಚಲು, ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು, ಹಳ್ಳದ ಬದಿಯ ಹಸಿರು ಕಾಡು, ಮೇಲೆ ಹೋದಂತೆ ಹುಲ್ಲುಗುಡ್ಡ, ಅದರ ಮಡಿಲಲ್ಲಿ ಶೋಲಾ, ಅಂದರೆ ಕುಳ್ಳ ಮರಗಳ ದಟ್ಟ ಕಾಡು. ಇಲ್ಲಿನ ಬುಡಕಟ್ಟು ಜನ ಸೋಲಿಗರು ಈ ದಟ್ಟ ಹಸಿರು ಕಾಡನ್ನು ಕಾನುಕಾಡು ಅನ್ನುತ್ತಾರೆ. 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶ. ಬೆಟ್ಟದ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಅವರಿಗೆಲ್ಲ ಅವನು ಬಾವ. ರಾತ್ರಿ ಹೊತ್ತು ಕಾಡು ಸುತ್ತುತ್ತಾನೆ, ಚಪ್ಪಲಿ ಸವೆಯುತ್ತದೆ, ಅದಕ್ಕೇ ದೊಡ್ಡ ತೊಗಲಿನ ಪಾದುಕೆ ಮಾಡಿಸಿ ಒಪ್ಪಿಸುತ್ತಾರೆ. ಕಾಡು ಸುತ್ತಿ ನೋಡುವ ಕೆಲಸ ಅಲ್ಲಿ ದೇವರಿಗೂ ಇದೆ.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ಲೈನ್ ಟ್ರಾನ್ಸೆಕ್ಟ್ ಅಂತ ಕರೆಯುತ್ತಾರೆ. ಕಾಡಿನೊಳಗೆ ಎರಡು ಕಿಲೋಮೀಟರಿನ ನೇರ ಗೆರೆ. ಮೊದಲೇ ದಾರಿ ಸವರಿ ಗುರುತು ಹಾಕಿರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಇಬ್ಬರೋ ಮೂವರೋ ಆ ಗೆರೆ ಮೇಲೆ ಸದ್ದಿಲ್ಲದೆ ನಡೆಯಬೇಕು. ಜಿಂಕೆ, ಕಡವೆ, ಕಾಟಿ, ಕಾಡುಕುರಿ, ಮುಸುವ, ಕಾಡುಕೋಳಿ, ಏನು ಕಂಡರೂ ನಿಲ್ಲಬೇಕು. ಎಷ್ಟಿವೆ ಅಂತ ಎಣಿಸಬೇಕು. ಕಂಪಾಸಿನಲ್ಲಿ ದಿಕ್ಕು, ರೇಂಜ್‌ಫೈಂಡರಿನಲ್ಲಿ ದೂರ, ಗಡಿಯಾರದಲ್ಲಿ ಸಮಯ. ಬರೆದುಕೊಂಡು ಮುಂದೆ ಹೋಗಬೇಕು. ವಾಪಸ್ ಬರುವಾಗ ಪ್ರತಿ 400 ಮೀಟರಿಗೆ ನಿಂತು ಸುತ್ತಲಿನ ಮರ, ಪೊದೆ, ಹುಲ್ಲು, ಹಿಕ್ಕೆ ಎಲ್ಲ ನೋಡಿ ತುಂಬಬೇಕು. ಮರಕ್ಕೆ 15 ಮೀಟರ್ ತ್ರಿಜ್ಯದ ಸುತ್ತಿನ ಲೆಕ್ಕ, ಪೊದೆಗೆ 5 ಮೀಟರ್, ನೆಲದ ಹುಲ್ಲಿಗೆ 1 ಮೀಟರ್.

ದೂರ ಯಾಕೆ ಬೇಕು? ನನಗೂ ಮೊದಲು ಅರ್ಥವಾಗಿರಲಿಲ್ಲ. ಪ್ರಾಣಿ ಎಣಿಸಲು ಬಂದಿದ್ದೇವೆ, ಎಣಿಸಿದರಾಯಿತು ಅಂದುಕೊಂಡಿದ್ದೆ. ಆದರೆ ಕಾಡಿನಲ್ಲಿ ಇರುವುದೆಲ್ಲ ಕಾಣುವುದಿಲ್ಲ ಅಲ್ವಾ? ಗೆರೆಯ ಪಕ್ಕದಲ್ಲೇ ನಿಂತ ಜಿಂಕೆ ಕಣ್ಣಿಗೆ ಬೀಳುತ್ತದೆ. ಐವತ್ತು ಮೀಟರ್ ಒಳಗಿರುವುದು ಒಮ್ಮೊಮ್ಮೆ ಕಾಣುತ್ತದೆ, ಜಾಸ್ತಿ ಸಲ ಕಾಣುವುದಿಲ್ಲ. ಒಂದು ಮಾತಿಗೆ ಹೇಳುತ್ತೇನೆ. ಒಂದೇ ಗೆರೆಯನ್ನು ಮತ್ತೆ ಮತ್ತೆ ನಡೆದಾಗ ಹತ್ತು ಮೀಟರಿನೊಳಗೆ ಮೂವತ್ತು ಸಲ ಪ್ರಾಣಿ ಕಂಡಿತು, ನಲವತ್ತು ಐವತ್ತು ಮೀಟರಿನ ನಡುವೆ ಆರೇ ಸಲ ಕಂಡಿತು ಅಂದುಕೊಳ್ಳಿ. ಅಲ್ಲಿ ಪ್ರಾಣಿ ಕಡಿಮೆ ಇತ್ತು ಅಂತಲ್ಲ, ಅವು ನಮ್ಮ ಕಣ್ಣು ತಪ್ಪಿಸಿದವು. ದೂರ ಹೆಚ್ಚಿದಂತೆ ಕಾಣುವುದು ಹೇಗೆ ಇಳಿಯುತ್ತದೆ ಅನ್ನುವುದು ಗೊತ್ತಾದರೆ, ಕಾಣದೆ ಹೋದವು ಎಷ್ಟು ಅಂತ ಅಂದಾಜು ಮಾಡಬಹುದು. ಅಂದರೆ ಇಡೀ ಲೆಕ್ಕ ನಿಂತಿರುವುದು ನಾವು ಎಷ್ಟು ನೋಡಿದೆವು ಅನ್ನುವುದರ ಮೇಲೆ ಅಷ್ಟೇ ಅಲ್ಲ, ನಮಗೆ ಎಷ್ಟು ದೂರ ಕಾಣುತ್ತಿತ್ತು ಅನ್ನುವುದರ ಮೇಲೂ. ಬೇಕಾದ ದೂರ ಪ್ರಾಣಿಯಿಂದ ಗೆರೆಗೆ, ನಮ್ಮಿಂದ ಪ್ರಾಣಿಗೆ ಅಲ್ಲ. ನಲವತ್ತು ಮೀಟರ್ ದೂರದಲ್ಲಿ, ಗೆರೆಗೆ ಮೂವತ್ತು ಡಿಗ್ರಿ ಓರೆಯಾಗಿ ಕಡವೆ ಕಂಡರೆ ಅದು ಗೆರೆಯಿಂದ ಇಪ್ಪತ್ತು ಮೀಟರ್ ಆಚೆಗಿದೆ. ಹೈಸ್ಕೂಲಿನಲ್ಲಿ ಕಲಿತು ಮರೆತಿದ್ದ ಸೈನ್ ಲೆಕ್ಕ, ಕಾಡಿನಲ್ಲಿ ಮತ್ತೆ ಸಿಕ್ಕಿತು.

ಮೊದಲ ದಿನವೇ ತಪ್ಪು ಮಾಡಿದೆ. ಮೂರು ಜಿಂಕೆ ನಮ್ಮನ್ನು ಕಂಡು ಓಡಿ, ಸ್ವಲ್ಪ ದೂರ ಹೋಗಿ ನಿಂತು ತಿರುಗಿ ನೋಡಿದವು. ನಾನು ರೇಂಜ್‌ಫೈಂಡರ್ ಎತ್ತಿ ಅವು ನಿಂತಲ್ಲಿಗೆ ಗುರಿಯಿಟ್ಟೆ. ಜೊತೆಗಿದ್ದ ವಾಚರ್, ಅರವತ್ತು ದಾಟಿದ ಸೋಲಿಗ ಅಜ್ಜ, ನನ್ನ ಮೊಣಕೈ ಹಿಡಿದು ತಿರುಗಿಸಿದರು. ಒಂದು ಮತ್ತಿ ಮರದ ಬುಡ ತೋರಿಸಿದರು. ಅವು ಮೊದಲು ಇದ್ದದ್ದು ಅಲ್ಲಿ. ಓಡಿದ ಮೇಲಿನ ದೂರ ಬರೆದರೆ ಗೆರೆಯ ಹತ್ತಿರ ಪ್ರಾಣಿಯೇ ಇಲ್ಲವೇನೋ ಅನ್ನುವ ಹಾಗೆ ಆಗುತ್ತದೆ, ಲೆಕ್ಕ ಎಲ್ಲ ಕೆಡುತ್ತದೆ. ತರಬೇತಿಯಲ್ಲಿ ನಮಗೆ ಇದನ್ನು ಎರಡು ಸಲ ಹೇಳಿದ್ದರು. ಅಜ್ಜ ತರಬೇತಿಗೆ ಬಂದಿರಲಿಲ್ಲ. ಪ್ರಾಣಿ ಎಲ್ಲಿತ್ತು ಅನ್ನುವುದು ಅವರ ಕಣ್ಣಿಗೆ ತಾನಾಗೇ ಅಂಟಿಕೊಂಡಿತ್ತು.

ಎರಡನೇ ದಿನ ಏನೂ ಕಾಣಲಿಲ್ಲ. ಎರಡು ಕಿಲೋಮೀಟರ್ ಪೂರ್ತಿ ಬರೀ ಹಕ್ಕಿ ಕೂಗು, ಒಂದು ಕಡೆ ಸರಸರ ಸದ್ದು, ಅಷ್ಟೇ. ಹಾಳೆ ಖಾಲಿ ಕೊಡಲು ಮನಸ್ಸು ಬರಲಿಲ್ಲ. ಆದರೆ ಆ ಖಾಲಿ ಹಾಳೆಯೂ ಬೇಕು. ಶುರುವಾದ ಸಮಯ, ಮುಗಿದ ಸಮಯ, ನಡೆದ ದೂರ ಬರೆದು ಕೊಡಲೇಬೇಕು. ಏನೂ ಕಾಣದ ದಿನಗಳನ್ನು ಬಿಟ್ಟು ಕಂಡ ದಿನಗಳನ್ನು ಮಾತ್ರ ಕೂಡಿಸುತ್ತಾ ಹೋದರೆ ಕಾಡು ಕಾಗದದ ಮೇಲೆ ಮಾತ್ರ ತುಂಬಿರುತ್ತದೆ. ರಾಜಸ್ಥಾನದ ಸಾರಿಸ್ಕಾದಲ್ಲಿ ಹಾಗೇ ಆಯಿತಲ್ಲ. ಹೆಜ್ಜೆ ಗುರುತಿನ ಲೆಕ್ಕದಲ್ಲಿ ಹುಲಿಗಳು ಇದ್ದೇ ಇದ್ದವು, 2004-05ರ ಹೊತ್ತಿಗೆ ನೋಡಿದರೆ ಅಲ್ಲಿ ಒಂದೂ ಉಳಿದಿರಲಿಲ್ಲ. ಅದಾದ ಮೇಲೆಯೇ ದೇಶದಲ್ಲಿ ಎಣಿಸುವ ರೀತಿ ಬದಲಾದದ್ದು. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ಕ್ಯಾಮೆರಾ, ಟ್ರಾನ್ಸೆಕ್ಟ್, ಗುರುತುಗಳ ಸರ್ವೆ ಎಲ್ಲ ಸೇರಿಸಿ ಅಂದಾಜು ಮಾಡುತ್ತಿದ್ದಾರೆ. ನಮ್ಮ ಕರ್ನಾಟಕಕ್ಕೆ ಅದಕ್ಕೂ ಮುಂಚಿನ ಹಿನ್ನೆಲೆಯಿದೆ. ಉಲ್ಲಾಸ ಕಾರಂತರು 1980ರ ದಶಕದಲ್ಲೇ ನಾಗರಹೊಳೆಯಲ್ಲಿ ಹೀಗೆ ಗೆರೆ ನಡೆದು ಬೇಟೆಪ್ರಾಣಿಗಳನ್ನು ಅಳೆಯಲು ಶುರುಮಾಡಿದ್ದರು. ಹುಲಿ ಉಳಿಯಬೇಕಾದರೆ ಅದರ ಹೊಟ್ಟೆಗೆ ಬೇಕಾದ ಕಡವೆ, ಕಾಟಿ ಎಷ್ಟಿವೆ ಅಂತ ಮೊದಲು ಗೊತ್ತಾಗಬೇಕು ಅನ್ನುವ ಸರಳ ಯೋಚನೆ ಅದು.

ಆ ಎರಡನೇ ದಿನದ ಸರಸರ ಸದ್ದಿಗೆ ಮತ್ತೆ ಬರುತ್ತೇನೆ. ಅದು ಹಂದಿಗಳು. ಮೂರೋ ನಾಲ್ಕೋ ಇದ್ದವು. ನಮ್ಮಿಂದ ಹತ್ತು ಹೆಜ್ಜೆ ದೂರ, ಅಷ್ಟೇ. ಉಸಿರು ಬಿಡುವುದು ಕೇಳುತ್ತಿತ್ತು, ಬೇರು ಅಗಿಯುವುದು ಕೇಳುತ್ತಿತ್ತು, ಒಂದರ ಬೆನ್ನೂ ಕಾಣಲಿಲ್ಲ. ನಡುವೆ ಲಾಂಟಾನ.

ರೋಜಾ ಗಿಡ ಅಂತ ಎಷ್ಟೋ ಕಡೆ ಕರೆಯುವ ಈ ಲಾಂಟಾನವನ್ನು ಎಲ್ಲರೂ ನೋಡಿರುತ್ತೀರಿ. ರಸ್ತೆ ಬದಿಯಲ್ಲಿ ಹಳದಿ ಗುಲಾಬಿ ಹೂ ಗೊಂಚಲು, ಚೆಂದ ಅನ್ನಿಸುತ್ತದೆ. ದಕ್ಷಿಣ ಅಮೆರಿಕದ ಕಡೆಯ ಗಿಡ. 1800ರ ಆಸುಪಾಸಿನಲ್ಲಿ ಬ್ರಿಟಿಷರು ಅಲಂಕಾರಕ್ಕೆ ತಂದರು. ಹತ್ತಿರ ಕೂತು ನೋಡಿ. ಕಾಂಡ ದುಂಡಗಿಲ್ಲ, ನಾಲ್ಕು ಮೂಲೆ. ಮೂಲೆಗೊಂದು ಸಾಲು ಕೊಕ್ಕೆ ಮುಳ್ಳು. ಎಲೆ ಉಜ್ಜಿದರೆ ಮೂಗಿಗೆ ಅಡರುವ ಘಾಟು. ದನ ತಿಂದರೆ ವಿಷ. ಕಪ್ಪು ಹಣ್ಣು ಪಿಕಳಾರ ಹಕ್ಕಿಗಳಿಗೆ ಇಷ್ಟ, ಅವು ತಿಂದು ಎಲ್ಲಿ ಕೂರುತ್ತವೋ ಅಲ್ಲೆಲ್ಲ ಬೀಜ. ಒಂದು ಗಿಡ ಇನ್ನೊಂದರ ಮೇಲೆ ಬಿದ್ದು, ಮೂರನೆಯದು ಅದರ ಮೇಲೆ ಹತ್ತಿ, ಕೊನೆಗೆ ತಲೆಗಿಂತ ಎತ್ತರದ ಗೋಡೆ. ನಾವು 800 ಮೀಟರಿನ ಪಾಯಿಂಟಿನಲ್ಲಿ 15 ಮೀಟರ್ ಹಗ್ಗ ಹಿಡಿದು ಸುತ್ತು ಹಾಕಬೇಕಿತ್ತು. ಹಗ್ಗ ನಾಲ್ಕು ಮೀಟರಿಗೇ ಸಿಕ್ಕಿಹಾಕಿಕೊಂಡಿತು. ಅಜ್ಜ ಮಚ್ಚಿನಲ್ಲಿ ಸವರಿಕೊಂಡು ಬಗ್ಗಿ ಒಳಗೆ ಹೋದರು, ನಾನು ಹಿಂದೆ ತೆವಳಿದೆ. ಒಳಗೆ ಮಸುಕು ಬೆಳಕು. ನೆಲದಲ್ಲಿ ಒಂದು ಗರಿಕೆಯೂ ಇಲ್ಲ. ಒಣ ಎಲೆ, ಹಂದಿ ಓಡಾಡಿದ ಸುರಂಗ, ಅಷ್ಟೇ. ಒಂದು ನೆಲ್ಲಿ ಮರ ಇತ್ತು, ದೊಡ್ಡದು. ಅದರ ಸುತ್ತ ಮರಿ ನೆಲ್ಲಿ ಒಂದಾದರೂ ಸಿಗುತ್ತದೇನೋ ಅಂತ ಹುಡುಕಿದೆವು. ಸಿಗಲಿಲ್ಲ.

ಹೊರಗೆ ಬಂದು ಬೆವರು ಒರೆಸಿಕೊಳ್ಳುವಾಗ ಅಜ್ಜ ಹೇಳಿದರು: "ನಮ್ಮಪ್ಪನ ಜೊತೇಲಿ ಜೇನಿಗೆ ಬರ್ವಾಗ ಇಲ್ಲಿ ನಿಂತ್ಕಂಡ್ರೆ ಆಚೆ ಕಲ್ಲುಗುಡಿ ಕಾಣಾದು ಕಣಪ್ಪ."

ನಾನು ಆಚೆ ನೋಡಿದೆ. ಹಸಿರು ಗೋಡೆ.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ನಾವು ಆ ದಿನಗಳಲ್ಲೆಲ್ಲ ಅಳೆಯುತ್ತಿದ್ದದ್ದು ಅದನ್ನೇ, ಎಷ್ಟು ದೂರ ಕಾಣುತ್ತದೆ ಅನ್ನುವುದನ್ನು. ನಮ್ಮ ಲೆಕ್ಕದಲ್ಲಿ ಅದು ಸುಮ್ನೆ ಒಂದು ಗ್ರಾಫು, ಸಂಖ್ಯೆ ಸರಿಮಾಡಿಕೊಳ್ಳಲು ಬೇಕಾದ ಒಂದು ಮೆಟ್ಟಿಲು. ಅಜ್ಜನಿಗೆ ಅದೇ ಕಾಡಿನ ಆರೋಗ್ಯ. ದೂರ ಕಾಣುತ್ತಿದ್ದ ಕಾಡು ಅಂದರೆ ಮರಗಳ ನಡುವೆ ಹುಲ್ಲಿದ್ದ ಕಾಡು. ಹುಲ್ಲಿದ್ದರೆ ಕಾಟಿ, ಜಿಂಕೆ. ನಡೆಯಲು ಜಾಗ, ನೆಲ್ಲಿ, ಅಳಲೆ, ತಾರೆ ಸಸಿ ಮೇಲೇಳಲು ಬಿಸಿಲು. ಲಾಂಟಾನ ತುಂಬಿದ ಕಡೆ ಪ್ರಾಣಿ ಇದ್ದರೂ ಕಾಣುವುದಿಲ್ಲ. ಅಷ್ಟಕ್ಕೆ ಲೆಕ್ಕ ಹೇಗೋ ಸರಿಮಾಡಿಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಜಾತಿಯ ಪ್ರಾಣಿ ಅರವತ್ತು ಎಂಬತ್ತು ಸಲವಾದರೂ ಕಂಡಿರಬೇಕು. ಗೋಡೆ ಬೆಳೆದಷ್ಟೂ ಆ ಅರವತ್ತನ್ನು ಮುಟ್ಟಲು ಜಾಸ್ತಿ ಜಾಸ್ತಿ ನಡೆಯಬೇಕು. ತಿನ್ನಲು ಮೇವಿಲ್ಲದೆ ಪ್ರಾಣಿಗಳೇ ಬೇರೆ ಕಡೆ ಹೋಗಿದ್ದರೆ, ಹಾಳೆ ನೋಡಿ ಎರಡನ್ನೂ ಬೇರೆ ಮಾಡುವುದು ಬಹಳ ಕಷ್ಟ.

ಇದು ಬರೀ ಹಿರಿಯರ ನೆನಪಲ್ಲ. ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರು 1997ರಲ್ಲಿ ಈ ಬೆಟ್ಟದ ಉದ್ದಗಲಕ್ಕೂ 134 ಜಾಗಗಳಲ್ಲಿ ಗಿಡಮರ ಎಣಿಸಿದ್ದರು. 2008ರಲ್ಲಿ ಅದೇ ಜಾಗಗಳಿಗೆ ಮತ್ತೆ ಹೋದರು. ಲಾಂಟಾನ ಇದ್ದ ಜಾಗಗಳು ಹನ್ನೊಂದೇ ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗಿದ್ದವು. ಅದೇ ಜಾಗಕ್ಕೆ ವಾಪಸ್ ಹೋಗಿ ಅದೇ ಹಗ್ಗ ಹಿಡಿಯುವ ಈ ಕೆಲಸ ಯಾರ ಕಣ್ಣಿಗೂ ದೊಡ್ಡದಾಗಿ ಕಾಣುವುದಿಲ್ಲ. ಫೋಟೋ ಬರುವುದಿಲ್ಲ, ಸುದ್ದಿ ಆಗುವುದಿಲ್ಲ. ನನಗೆ ಅದರ ಮೇಲೆ ತುಂಬಾ ಗೌರವ. ಬೆಟ್ಟಕ್ಕೆ ಏನಾಗುತ್ತಿದೆ ಅಂತ ಗೊತ್ತಾಗುವುದು ಮತ್ತೆ ಮತ್ತೆ ಹೋದವರಿಗೆ ಮಾತ್ರ.

ಹೀಗ್ಯಾಕಾಯ್ತು ಅಂತ ಕೇಳಿದರೆ ಸೋಲಿಗರ ಹಿರಿಯರಲ್ಲಿ ಬಹಳ ಜನ ಒಂದೇ ಉತ್ತರ ಕೊಡುತ್ತಾರೆ. ತರಗು ಬೆಂಕಿ ನಿಂತಿತು. ತರಗು ಅಂದರೆ ಉದುರಿದ ಒಣ ಎಲೆ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವ ಇರುವಾಗ, ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರದ ಬೆಂಕಿ. ನೆಲದ ಮೇಲೆ ಹರಿದು ಹೋಗಿ ತಾನೇ ಆರುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. ಲಾಂಟಾನದ ಎಳೆ ಸಸಿ ಸಾಯುತ್ತಿತ್ತು. ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆಯೂ ಹಿಡಿತದಲ್ಲಿರುತ್ತಿತ್ತು. ಮಳೆ ಬಿದ್ದ ಮೇಲೆ ಹೊಸ ಹುಲ್ಲು. 1972ರ ವನ್ಯಜೀವಿ ಕಾಯ್ದೆ ಬಂತು, ಅಭಯಾರಣ್ಯ ಆಯಿತು, ಒಳಗಿದ್ದ ಜನ ಅಂಚಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ ಬಂದರು, ಬೆಂಕಿ ಅಪರಾಧವಾಯಿತು.

ಈಗ ಸುಮ್ನೆ ಬೆಂಕಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಹೋಗುವುದಿಲ್ಲ. ಆಳೆತ್ತರ ಬೆಳೆದು ಒಣಗಿದ ಲಾಂಟಾನಕ್ಕೆ ಬೆಂಕಿ ಬಿದ್ದರೆ ಅದು ಏಣಿ ಹತ್ತಿದ ಹಾಗೆ ಮರದ ತಲೆಗೇ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಎಲ್ಲರೂ ನೋಡಿದ್ದೇವೆ. ಹಾಗಾಗಿ ಮೊದಲು ಗಿಡ ತೆಗೆಯಬೇಕು, ಆಮೇಲೆ ಚಿಕ್ಕ ಚಿಕ್ಕ ಜಾಗಗಳಲ್ಲಿ ಹಿರಿಯರನ್ನು ಮುಂದಿಟ್ಟುಕೊಂಡು ತರಗು ಬೆಂಕಿ ಕೊಟ್ಟು ನೋಡಬೇಕು, ಪಕ್ಕದಲ್ಲೇ ಬೆಂಕಿ ಕೊಡದ ಜಾಗ ಬಿಟ್ಟು ಎರಡನ್ನೂ ವರ್ಷ ವರ್ಷ ಅಳೆಯಬೇಕು. ಇದು ನನ್ನ ಅಭಿಪ್ರಾಯ. ಇದಕ್ಕೆ ಆತುರವೂ ಇದೆ. 2011ರಲ್ಲಿ ಇಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿತು, ಹುಲಿ ಮೀಸಲು ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಕಾಗದ ಇದೆ. ಆದರೆ ಯಾವ ವಾರ, ಯಾವ ಗಾಳಿಗೆ, ಯಾವ ಇಳಿಜಾರಿನ ಯಾವ ಕಡೆಯಿಂದ ಬೆಂಕಿ ಇಡಬೇಕು ಅಂತ ಕೈಯಾರೆ ಮಾಡಿ ಗೊತ್ತಿರುವವರಿಗೆ ಈಗ ವಯಸ್ಸಾಗಿದೆ. ನಮ್ಮ ಜೊತೆ ಬಂದ ಇನ್ನೊಬ್ಬ ವಾಚರ್‌ಗೆ ಇಪ್ಪತ್ತಾರು ವರ್ಷ. ತರಗು ಬೆಂಕಿಯನ್ನು ಅವನು ಕಣ್ಣಿಂದ ನೋಡಿಲ್ಲ, ಅಜ್ಜನ ಬಾಯಲ್ಲಿ ಕೇಳಿದ್ದಾನೆ.

ಎರಡನೇ ಸಲ ಹೋದಾಗ ನಮಗೆ ಮೇಲಿನ ಗೆರೆ ಸಿಕ್ಕಿತು, ಹುಲ್ಲುಗುಡ್ಡ ಮತ್ತು ಶೋಲಾ ಸೇರುವ ಕಡೆ. ಅಲ್ಲಿ ನೋಟದ ಲೆಕ್ಕವೇ ಬೇರೆ. ಶೋಲಾದೊಳಗೆ ಹೆಜ್ಜೆಯಿಟ್ಟರೆ ಹತ್ತು ಮೀಟರಿಗೇ ನೋಟ ನಿಲ್ಲುತ್ತದೆ. ಮರಗಳು ಕುಳ್ಳಗಿವೆ, ಕೊಂಬೆ ತಿರುಚಿಕೊಂಡಿವೆ, ಪಾಚಿ ಹಿಡಿದಿವೆ, ಬಿಳಿ ಗಡ್ಡದ ಹಾಗೆ ಕಲ್ಲುಹೂವು ಜೋತುಬಿದ್ದಿದೆ. ಹೊರಗೆ ಬಿಸಿಲಿದ್ದರೂ ಒಳಗೆ ತೊಟ್ಟಿಕ್ಕುವ ಸದ್ದು. ಹತ್ತು ಹೆಜ್ಜೆ ಹೊರಗೆ ಬಂದರೆ ಒಂದು ಕಿಲೋಮೀಟರ್ ಆಚೆಯ ಇಳಿಜಾರಿನಲ್ಲಿ ಮೇಯುವ ಕಾಟಿಗಳು ಕಪ್ಪು ಚುಕ್ಕಿ ಹಾಗೆ ಕಾಣುತ್ತವೆ. ಕಾಡು ಮುಗಿದು ಹುಲ್ಲು ಶುರುವಾಗುವ ಗಡಿ ಕತ್ತರಿಸಿ ಇಟ್ಟ ಹಾಗಿದೆ. ಇಂಥ ಹುಲ್ಲುಗುಡ್ಡ ನೋಡಿ ಪಾಪ ಬೋಳಾಗಿದೆ, ಮರ ನೆಡೋಣ ಅನ್ನುವವರು ಈಗಲೂ ಇದ್ದಾರೆ. ನೀಲಗಿರಿಯಲ್ಲಿ ವಾಟಲ್, ನೀಲಗಿರಿ ಮರ ನೆಟ್ಟರು, ಕುದುರೆಮುಖದ ಕಡೆ ಅಕೇಶಿಯಾ ನೆಟ್ಟರು. ಶೋಲಾ ಮಡಿಲಿನ ಈ ಹುಲ್ಲು ಮರ ಕಡಿದು ಆದ ಬೋಳಲ್ಲ. ಅದು ಮೊದಲಿಂದಲೂ ಹುಲ್ಲು. ಮಳೆ ನೀರು ಹಿಡಿದು ಶೋಲಾದ ಬುಡದಲ್ಲಿ ಹಳ್ಳವಾಗಿ ಬಿಡುವುದು ಈ ಹುಲ್ಲು ಮತ್ತು ಕಾಡು ಎರಡೂ ಸೇರಿಯೇ. ಅಲ್ಲಿ ದೂರ ಕಾಣಬೇಕು, ಕಾನುಕಾಡಿನಲ್ಲಿ ಕಾಣಬಾರದು. ಒಂದೊಂದು ಕಾಡಿಗೂ ತನ್ನದೇ ಒಂದು ದೂರವಿದೆ. ಅದು ತಪ್ಪಿದಾಗ ಏನೋ ಕೆಟ್ಟಿದೆ ಅಂತ ಅರ್ಥ. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ, ಆ ಅಜ್ಜ ಹೇಳಿದ ಒಂದೇ ವಾಕ್ಯದಿಂದ ಹೊಳೆಯಿತು.

ಫಲಿತಾಂಶ ಬಂದಾಗ ಪತ್ರಿಕೆಗಳಲ್ಲಿ ಹುಲಿ ಸಂಖ್ಯೆ ಬರುತ್ತದೆ. 2018ರಲ್ಲಿ ರಾಜ್ಯಕ್ಕೆ 524, 2022ರಲ್ಲಿ 563. ಸಂತೋಷವೇ. ನಾನೂ ಎಲ್ಲರ ಹಾಗೆ ಆ ಸಂಖ್ಯೆ ಹುಡುಕಿ ಓದಿದೆ. ಆದರೆ ನಾವು ಮಂಡಿಯೂರಿ ತುಂಬಿದ ಆ ಪೊದೆಯ ಕಾಲಂ, ಹುಲ್ಲಿನ ಕಾಲಂ, ಎಲ್ಲಿ ನೋಡಿದರೂ ಲಾಂಟಾನ, ಲಾಂಟಾನ, ಯುಪಟೋರಿಯಂ (ಅದೂ ಹೊರಗಿನಿಂದ ಬಂದ ಕಳೆಯೇ) ಅಂತ ಬರೆದದ್ದು, ಅದರ ಬಗ್ಗೆ ಒಂದು ಸಾಲೂ ಪತ್ರಿಕೆಯಲ್ಲಿ ಕಾಣದಿದ್ದಾಗ ಬೇಜಾರಾಗುತ್ತದೆ. ಹುಲಿ ಹೆಚ್ಚಾಗುತ್ತಿರುವ ಕಾಡಿನಲ್ಲೇ ಹುಲ್ಲು ಕಡಿಮೆಯಾಗುತ್ತಿದ್ದರೆ ಅದೂ ಸುದ್ದಿ ಅಲ್ವಾ?

ಮೂರನೇ ಸಲ ಹೋದಾಗ ಮತ್ತೆ ಹಳೆಯ ಗೆರೆಯನ್ನೇ ಕೇಳಿ ಹಾಕಿಸಿಕೊಂಡೆ. ಅಜ್ಜನೂ ಬಂದರು. 800 ಮೀಟರಿನ ಆಸುಪಾಸಿನಲ್ಲಿ ಒಂದು ತುಂಡು ಜಾಗದಲ್ಲಿ ಲಾಂಟಾನ ತೆಗೆಸಿದ್ದರು. ಪೋಡಿನ ಜನರೇ ಕೂಲಿಗೆ ಬಂದು ತೆಗೆದದ್ದು. ಬರೀ ಮೇಲೆ ಸವರಿದರೆ ಮಳೆಗೆ ಮತ್ತೆ ನಾಲ್ಕು ಪಾಲು ಚಿಗುರುತ್ತದೆ. ಅದಕ್ಕೆ ನೆಲದಿಂದ ಮೂರು ನಾಲ್ಕು ಬೆರಳು ಕೆಳಗೆ, ಕಾಂಡ ಬೇರಾಗುವ ಗಂಟಿನ ಕೆಳಗೆ ಕಡಿದು, ಇಡೀ ಗಿಡ ಎತ್ತಿ ಬೇರು ಆಕಾಶಕ್ಕೆ ಮಾಡಿ ತಲೆಕೆಳಗಾಗಿ ನಿಲ್ಲಿಸಿದ್ದರು. ಹಾಗೆ ನಿಂತಲ್ಲೇ ಒಣಗುತ್ತದೆ. ಹಕ್ಕಿ ಕೂರುವ ಮರಗಳ ಕೆಳಗೆ ಮಾತ್ರ ಹೊಸ ಸಸಿ ಎದ್ದೇ ಏಳುತ್ತದೆ, ಎರಡು ಮೂರು ವರ್ಷ ಬಿಡದೆ ಬಂದು ಕೀಳಬೇಕು. ಒಂದು ಮಳೆ ಕಳೆದಿತ್ತು. ನೆಲದಲ್ಲಿ ಹುಲ್ಲು ತೆಳ್ಳಗೆ ಹಬ್ಬಿತ್ತು. ಹಳೆಯ ನೆಲ್ಲಿ ಮರದಿಂದ ಸ್ವಲ್ಪ ಆಚೆ ಗೇಣುದ್ದದ ಎರಡು ಸಸಿ. ನಾನು ಬಗ್ಗಿ ಎಲೆ ಮುಟ್ಟಿ ನೋಡಿದೆ. ನೆಲ್ಲಿಯೇ.

ತಲೆಯೆತ್ತಿದರೆ ಅಜ್ಜ ಪಕ್ಕದಲ್ಲಿರಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಿದ್ದರು. ಎದುರಿಗೆ ಮರಗಳ ನಡುವೆ ಒಂದು ಕಂಡಿ ಬಿಟ್ಟುಕೊಂಡಿತ್ತು, ಅದರಾಚೆ ಬೂದು ಬಣ್ಣದ ಬಂಡೆ, ಬಂಡೆ ಬುಡದಲ್ಲಿ ಮೂರು ಕಲ್ಲು ನಿಲ್ಲಿಸಿದ ಗುಡಿ. ಅವರು ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ನನ್ನ ಕೊರಳಲ್ಲಿದ್ದ ರೇಂಜ್‌ಫೈಂಡರ್ ಕಡೆ ಕೈ ತೋರಿಸಿದರು. ಬಿಚ್ಚಿ ಕೊಟ್ಟೆ. ಯಾವ ಗುಂಡಿ ಒತ್ತಬೇಕು ಅಂತ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಎಷ್ಟು ತೋರಿಸ್ತು?" ಅಂತ ಕೇಳಿದೆ.

"ಎಪ್ಪತ್ತೊಂದು."

ನೆಲ್ಲಿ ಮರದ ಹತ್ತಿರ ಹೋಗಿ ಅಲ್ಲಿಂದ ಇನ್ನೊಮ್ಮೆ ಒತ್ತಿದರು. ಎಂಬತ್ತೆರಡು. ಸಮಯ ಎಂಟು ದಾಟಿತ್ತು, ಇನ್ನೂ ಎರಡು ಪಾಯಿಂಟ್ ಬಾಕಿ ಇತ್ತು. ನಾನು ಹಗ್ಗ ಸುತ್ತಿಕೊಂಡೆ. ಅವರು ರೇಂಜ್‌ಫೈಂಡರ್ ವಾಪಸ್ ಕೊಡಲಿಲ್ಲ, ಕೊರಳಿಗೆ ಹಾಕಿಕೊಂಡು ಮುಂದೆ ನಡೆದರು.